ಛೇದದಲ್ಲಿ ಒಂದು

ಕೂತ್ಕೋ ಜೊಲೀನ್. ಹೀಟರಿನ ಹತ್ತಿರದ ಕುರ್ಚಿ ನಿನ್ನದು,
ಮುಂದಿನ ತಿಂಗಳಿಂದ ಈ ಕಪಾಟೂ ನಿನ್ನದೇ.
ಹೊರಗೆ ಮೈನಸ್ ಮೂವತ್ತೊಂದು, ರೆಜೈನಾದ ರಸ್ತೆ ಮುಚ್ಚಿದೆ.
ಲೆಕ್ಕ ಕಲಿಯಲು ಇಂಥ ದಿನವೇ ಸರಿ.

ಮೊದಲು ಕೆಳಗಿನದು ಬರಿ.
ಎಲ್ಲರೂ ಮೇಲಿನದರಿಂದ ಶುರುಮಾಡುತ್ತಾರೆ,
ಪಾಸಾದದ್ದನ್ನು ಹಿಡಿದು ಕುಣಿಯುತ್ತಾರೆ.
ಸುಳ್ಳು ಹುಟ್ಟುವುದು ಗೆರೆಯ ಕೆಳಗೆ.
ಪಟ್ಟಿಯಲ್ಲಿ ನಾನೂರ ಹನ್ನೆರಡು ಕವಾಟ:
ಹಲ್ಲಿನ ಡಾಕ್ಟರ ಕುರ್ಚಿಯ ಹಿಂದೆ, ಕಾರು ತೊಳೆಯುವಲ್ಲಿ,
ಹಾಕಿ ರಿಂಕಿನ ಬಾಯ್ಲರಿಗೆ,
ಬಿಯರ್ ಕಾಯಿಸುವ ಹೊಸ ಹುಡುಗರ ನೆಲಮಾಳಿಗೆಯಲ್ಲಿ.
ಕೆಡವಿದ ಕಟ್ಟಡದವು ಒಂಬತ್ತು, ಕಳೆ.
ಗಾಲ್ಫ್ ಮೈದಾನ ಈ ವರ್ಷ ತೆರೆಯಲೇ ಇಲ್ಲ,
ಅದರ ಹನ್ನೆರಡಕ್ಕೆ ಹನಿ ನೀರು ಹೋಗಿಲ್ಲ.
ಬೀಗ, ಸೀಲು ಎರಡನ್ನೂ ಕ್ಲೆಮ್ ಮುಟ್ಟಿ ನೋಡಿ ಬಂದಿದ್ದಾನೆ. ಕಳೆ.
ಉಳಿದದ್ದು ಮುನ್ನೂರ ತೊಂಬತ್ತೊಂದು.

ಈಗ ಮೇಲಿನದು.
ಕ್ಲೆಮ್ ಡೆಜಾರ್ಲೆ ಮೂರು ಕೊಳವೆಯ ಮಾಪಕ ಹೆಗಲಿಗೆ ಹಾಕಿ
ವರ್ಷವಿಡೀ ಮಂಡಿಯೂರುವುದು ಇದಕ್ಕೆ:
ಮೊದಲ ಕದ ಐದು ಪೌಂಡಾದರೂ ತಡೆಯಬೇಕು,
ಅಂತರ ಎರಡಕ್ಕಿಂತ ಇಳಿಯುವ ಮುಂಚೆ
ನಡುವಿನ ಬಾಯಿ ತೆರೆದು ನೆಲಕ್ಕೆ ಉಗುಳಬೇಕು.
ಸೋತದ್ದನ್ನು ಬಿಚ್ಚಿ, ರಬ್ಬರು ಬದಲಿಸಿ, ಮತ್ತೆ ಅಳೆಯುತ್ತಾನೆ.
ಎರಡು ವರದಿ ಬರುತ್ತವೆ, ಕವಾಟ ಒಂದೇ.
ಕಾಗದ ಎಣಿಸಬೇಡ, ಹಿತ್ತಾಳೆ ಎಣಿಸು.
ಅಕ್ಟೋಬರಿನಲ್ಲಿ ಅವನ ಮಾಪಕದ ಪ್ರಮಾಣಪತ್ರವೇ ಮುಗಿದಿತ್ತು.
ಹದಿನಾಲ್ಕು ವರದಿ ಹರಿದೆ. ಒಂದು ವಾರ ನನ್ನ ಜೊತೆ ಮಾತಿಲ್ಲ.
ಆಮೇಲೆ ಹದಿನಾಲ್ಕೂ ಕಡೆ ಮತ್ತೆ ಹೋದ, ದುಡ್ಡು ಕೇಳದೆ.
ಮುನ್ನೂರ ಎಪ್ಪತ್ತೊಂದು.

ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂದು ನಗುವವರುಂಟು.
ಮುಂದಕ್ಕೆ ಹರಿಯುವುದಕ್ಕೆ ಬೇಡ ಬಿಡು.
ಎಂಬತ್ತಾರರ ಜೂನ್. ಧಾನ್ಯದ ಸಹಕಾರಿಯಲ್ಲಿ ಯಾರೋ
ಕಳೆನಾಶಕದ ತೊಟ್ಟಿಗೆ ಪೈಪಿನ ತುದಿ ಇಳಿಬಿಟ್ಟು ಊಟಕ್ಕೆ ಹೋದರು.
ಅದೇ ಹೊತ್ತಿಗೆ ಮೂರನೇ ಬೀದಿಯಲ್ಲಿ ಮೇನ್ ಒಡೆಯಿತು.
ನೀರಿಗೆ ಹಿಂದು ಮುಂದು ಎಲ್ಲಿಯದು?
ಎಲ್ಲಿ ಎಳೆತವೋ ಅಲ್ಲಿಗೆ.
ಬಿಂಗೋ ಹಾಲಿನಲ್ಲಿ ನನ್ನಮ್ಮ ಕೆಟಲ್ ತುಂಬಿಸಿದಳು.
ಚಹಾದ ಮೇಲೆ ನೊರೆ. ಹಾಲು ಕೆಟ್ಟಿದೆ ಅಂದಳು,
ಒಂದು ಗುಟುಕು ಕುಡಿದು ನೋಡಿದಳು.
ಅಷ್ಟು ಸಾಕು.

ಭಾಗಿಸು. ತೊಂಬತ್ತನಾಲ್ಕು ಪಾಯಿಂಟ್ ಎಂಟು ಎಂಟು.
ಗಾರ್ತ್ ಫ್ರೀಸೆನ್ನನಿಗೆ ತೊಂಬತ್ತೈದು ಬೇಕು.
ನಿನ್ನೆ ಇಲ್ಲೇ, ಈ ಬಾಗಿಲಿಗೆ ಒರಗಿ ನಿಂತು,
'ಟೋಲೆಫ್ಸನ್ ಶವಸಂಸ್ಕಾರದ ಅಂಗಡಿ ಮುಚ್ಚಿತಲ್ಲ ಮಾರ್ಜ್,
ಅದೊಂದನ್ನು ತೆಗಿ' ಅಂದ.
ಒಂದೇ ಒಂದು. ಮುನ್ನೂರ ತೊಂಬತ್ತರಿಂದ ಭಾಗಿಸು ನೋಡು:
ತೊಂಬತ್ತೈದು ಪಾಯಿಂಟ್ ಒಂದು ಮೂರು.
ಊರಲ್ಲಿ ಒಂದು ತಿರುಪೂ ಬಿಗಿಯಾಗಲಿಲ್ಲ,
ಅಂಕೆಯ ಮೈಗೆ ಮಾತ್ರ ಗುಣವಾಯಿತು.
ಅದಕ್ಕೇ ಇರಬೇಕು ಕೆಳಗಿನದಕ್ಕೆ ಛೇದ ಎಂಬ ಹೆಸರು.

ಕ್ಲೆಮ್‌ನನ್ನು ಕಳಿಸಿದೆ. ಮುಂಬಾಗಿಲಿಗೆ ಹಲಗೆ ಹೊಡೆದಿದ್ದರು.
ಹಿತ್ತಲಿನ ಮೀಟರಿನಲ್ಲಿ ಕೆಂಪು ಮುಳ್ಳು ಸುತ್ತುತ್ತಿತ್ತಂತೆ,
ನಿಧಾನ, ಯಾರೋ ಕದ್ದು ಕೈ ತೊಳೆದ ಹಾಗೆ.
ನೆಲಮಟ್ಟದ ಕಿಟಕಿಯಿಂದ ಇಣುಕಿದರೆ
ಹೆಣ ತೊಳೆಯುತ್ತಿದ್ದ ಮೇಜಿನ ಅಂಚಿಗೆ
ಒಣಹಾಕಿದ ಚಿಕ್ಕ ಕಾಲುಚೀಲ, ಒಂದು ಜೊತೆ.
ಯಾರದು ಎಂದು ನಾನು ಕೇಳಲಿಲ್ಲ,
ಅವನೂ ಹೇಳಲಿಲ್ಲ. 'ನೀರಿದೆ' ಅಂದ.

ನೀರಿದ್ದರೆ ಅದು ಪಟ್ಟಿಯಲ್ಲಿದೆ. ಪರೀಕ್ಷೆಯಾಗದೆ ಇದೆ.
ತೊಂಬತ್ತನಾಲ್ಕು ಪಾಯಿಂಟ್ ಎಂಟು ಎಂಟು ಎಂದೇ ಬರಿ,
ಐದಕ್ಕೆ ತಳ್ಳಬೇಡ. ಗಾರ್ತ್ ಗೊಣಗಲಿ,
ನನಗಿನ್ನು ಹದಿನೆಂಟು ದಿನ.
ನಿನಗೆ ಮಾತ್ರ ಬಹಳ ವರ್ಷ ಇದೆ, ಗೊತ್ತು.

ಪೆನ್ನು ಚಳಿಗೆ ಕಟ್ಟಿದರೆ ಉಸಿರು ಊದು.
ಅಷ್ಟರಲ್ಲಿ ಆ ಕೆಟಲ್ ಇಲ್ಲಿ ಕೊಡು, ಅಲ್ಲ, ನೀನೇ ತುಂಬಿಸು.
ಮೊದಲು ಒಂದು ನಿಮಿಷ ನಲ್ಲಿಯನ್ನು ಸುಮ್ಮನೆ ಹರಿಯಬಿಡು.
ಏನಿಲ್ಲ. ಅಭ್ಯಾಸ.