ತಂತಿಯ ತೂತು

ಒಗೆದು ಬಂದ ನೂರಿಪ್ಪತ್ತು ಪ್ಯಾಂಟುಗಳಲ್ಲಿ
ಯಾವುದೋ ಒಂದರ ಜೇಬಿನಲ್ಲಿತ್ತು ಚಲನ್.
ಕಲ್ಲಿನ ಜೊತೆ ಮುಕ್ಕಾಲು ಗಂಟೆ ತಿರುಗಿ
ನೆನೆದ ಅವಲಕ್ಕಿಯಷ್ಟು ಮೆತ್ತಗೆ, ನೀಲಿ.
ಅಕ್ಷರವೆಲ್ಲ ವಾಶಿಂಗಿನವರ ಮೋರಿಗೆ ಹೋಗಿತ್ತು.
ಅವತ್ತೇ ಶಮೀಮ್‌ಬಾನು ಅಂದರು:
"ಸಾಕಾತು ಈ ಕಾಗದದ ಸಂಗ, ಪಂಪಾವತಿ.
ಏನರ ಮಾಡು."

ಏನಾದರೂ ಮಾಡುವುದೆಂದರೆ
ಕೌಲ್‌ಬಜಾರಿನ ಈ ತಗಡಿನ ಶೆಡ್ಡಿನಲ್ಲಿ,
ಏಪ್ರಿಲ್ ಬಿಸಿಲಲ್ಲಿ,
ಹನ್ನೊಂದು ಮಷಿನ್ನುಗಳ ಗದ್ದಲದ ನಡುವೆ
ಸೆಕೆಂಡ್‌ಹ್ಯಾಂಡ್ ಸ್ಕ್ಯಾನರಿಗೊಂದು ಸ್ಟೂಲು ಹುಡುಕುವುದು;
ನೂಲಿನ ದೂಳು ಕೂರದಂತೆ ಹೊದಿಕೆ ಹೊಲಿಸುವುದು
(ಉಳಿದ ಡೆನಿಮ್ ತುಂಡಿನದೇ, ಜೇಬು ಸಮೇತ).

ಬಂದ ಕಾಗದ ಬಂದ ದಿನವೇ ಒಳಗೆ.
ಹೆಸರು ಶುರುವಾಗಬೇಕು ವರ್ಷದಿಂದ,
ಆಮೇಲೆ ತಿಂಗಳು, ದಿನ, ಆಮೇಲೆ ಯಾರದೆಂದು.
ನಮ್ಮ ಬಾಯಲ್ಲಿ ಎಲ್ಲ ತಿರುಗಾಮುರುಗಾ:
"ಉಗಾದಿ ಆದ ಎಂಟು ದಿನಕ್ಕ ಕೊಟ್ಟಿದ್ದು" ಅನ್ನುತ್ತಾನೆ
ಕಟಿಂಗ್ ಮಾಸ್ತರ ಹುಸೇನಪ್ಪ.
ಅದನ್ನು ಯಾವ ಫೋಲ್ಡರಿಗೆ ಹಾಕಲಿ?
ಇನ್ನೊಂದು ನಕಲು ಪೆನ್‌ಡ್ರೈವಿನಲ್ಲಿ.
ಪೆನ್‌ಡ್ರೈವು ಶಮೀಮ್‌ಬಾನು ಮನೆಯ ಅಕ್ಕಿ ಡಬ್ಬಿಯಲ್ಲಿ.

ಇನ್ನು ಹಳೆಯದು.
ಮೊಳೆಗೆ ನೇತಾಡುತ್ತಿತ್ತು ತಂತಿ,
ಕೆಳಗೆ ಮರದ ಬಿಲ್ಲೆ, ಮೇಲೆ ಕೊಕ್ಕೆ,
ಆರು ವರ್ಷದ ಚೀಟಿಗಳನ್ನು ಎದೆಗೆ ಚುಚ್ಚಿಕೊಂಡು.
ಒಂದೊಂದೇ ಬಿಡಿಸಿದೆ, ಗಾಜಿನ ಮೇಲೆ ಬೋರಲು ಮಲಗಿಸಿದೆ,
ಬೆಳಕು ಅಡಿಯಿಂದ ಹರಿದು ಹೋಯಿತು.
ಪರದೆಯ ಮೇಲೆ ಎದ್ದು ಬಂದವು
ಝಿಪ್ಪಿನ ಬಿಲ್ಲು, ಗುಂಡಿಯ ಬಿಲ್ಲು,
ಯಾರದೋ ಹೆಬ್ಬೆರಳ ನೀಲಿ, ಚಹಾದ ಉಂಗುರ,
ಒಂದರ ಬೆನ್ನಿಗೆ ಪೆನ್ಸಿಲ್ಲಲ್ಲಿ ಫೋನ್ ನಂಬರು,
ಅದರಡಿ: "ಮಾಡಬ್ಯಾಡ."
ಎಲ್ಲದರ ನಡುವೆಯೂ ತಂತಿಯ ತೂತು,
ಒಂದು ಕರಿ ಚುಕ್ಕೆ.

ಒಂದು ಚೀಟಿಯಲ್ಲಿ ಆ ಚುಕ್ಕೆ
ಅಂಕಿಯ ಮೇಲೇ ಕೂತಿತ್ತು.
ಮಷಿನ್ನು ಎಂಬತ್ತು ಅಂದಿತು. ಪುಸ್ತಕದಲ್ಲಿ ಅರವತ್ತು.
ಬೆಲ್ಟಿನ ಲೂಪು ಹೊಲಿಯುತ್ತಿದ್ದ ಹುಲಿಗೆಮ್ಮನ ಚೀಟಿ.
ನೆನಪಾಯಿತು, ಅವತ್ತು ಇದೇ ಬಾಗಿಲಲ್ಲಿ ನಿಂತು
ಇಪ್ಪತ್ತು ಪ್ಯಾಂಟಿಗೆ ಜಗಳಾಡಿದ್ದಳು.
ವಾರ ಬಿಟ್ಟು ಬೇರೆ ಶೆಡ್ಡಿಗೆ ಹೋದಳು.
ಚೀಟಿಯನ್ನು ಬಿಸಿಲಿಗೆ ಹಿಡಿದೆ.
ತೂತಿನ ಅಂಚಿನಲ್ಲಿ, ಕೂದಲೆಳೆಯಷ್ಟು,
ಎಂಟರ ಮೇಲಿನ ಸುತ್ತು ಮುಚ್ಚಿಕೊಂಡಿತ್ತು.
ಆ ತೂತು ಚುಚ್ಚಿದ ಕೈ ನನ್ನದು.

ಮೂವತ್ತು ರೂಪಾಯಿ.
ಶಮೀಮ್‌ಬಾನು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು,
ಪರ್ಸಿನಿಂದ ಐವತ್ತರ ನೋಟು ತೆಗೆದು ಮತ್ತೆ ಒಳಗಿಟ್ಟು
ಫೋನಿನಲ್ಲೇ ಕಳಿಸಿದರು, ನೂರು,
ಜೊತೆಗೆ ಚೀಟಿಯ ಚಿತ್ರ.
ಮಧ್ಯಾಹ್ನ ಊಟದ ಹೊತ್ತಿಗೆ ಹುಲಿಗೆಮ್ಮನ ದನಿ ಬಂತು,
ಹಿಂದೆ ಬೇರೆ ಮಷಿನ್ನುಗಳ ಸದ್ದು:
"ನಾ ಹೇಳಿದ್ನಿಲ್ಲೇನು?"
ಅಷ್ಟೇ. ಎಪ್ಪತ್ತು ವಾಪಸ್ಸು ಬಂತು.

ಆ ಫೈಲಿಗೆ ವರ್ಷ, ತಿಂಗಳು, ದಿನ ಹಾಕಿ
ಕೊನೆಗೆ ಅವಳ ಹೆಸರು ಬರೆದೆ.
ಕಾಗದವನ್ನು ಮಾತ್ರ ರದ್ದಿಗೆ ಹಾಕಲಿಲ್ಲ.
ಸ್ಕ್ಯಾನರಿನ ಹೊದಿಕೆಗೆ ಜೇಬಿತ್ತಲ್ಲ.

ಬರಿದಾದ ತಂತಿ ನಾಕು ದಿನ ಮೊಳೆಯಲ್ಲೇ ಇತ್ತು.
ಐದನೆಯ ದಿನ ಹುಸೇನಪ್ಪ ಅದರ ಬಿಲ್ಲೆ ಕಿತ್ತು,
ಮುಂದಿನ ಮೋರಿಗೆ ಇಳಿಸಿ,
ಕೊಕ್ಕೆಯಿಂದ ಎಳೆದು ತೆಗೆದ
ಮೊಲದಷ್ಟು ದಪ್ಪದ ನೂಲಿನುಂಡೆ.
ಕಟ್ಟಿದ್ದ ನೀರು ಸರ್ರನೆ ಇಳಿಯಿತು.
"ನೋಡ್ರಿ," ಅಂದ, "ಇದಕ್ಕ ಕರೆಂಟ್ ಬೇಕಾಗಿಲ್ಲ."