ಊಟಕೆ ಬಾ

ಐವತ್ತಮೂರಕ್ಕೆ ಕೂತೆ ಇದರ ಮುಂದೆ,
ಶಿಡ್ಲಘಟ್ಟದ ಮಿಷನ್ ಶಾಲೆಯಲ್ಲಿ,
ಕಸ ಗುಡಿಸಿ, ಬೆಂಚು ಒರೆಸಿ,
ಬಕೆಟ್ಟು ಬಾಗಿಲಾಚೆ ಇಟ್ಟು,
ಸೆರಗಲ್ಲಿ ಕೈ ಒಣಗಿಸಿಕೊಂಡು.

ಪಿಯಾನೋದ ಬಿಳಿ ಮನೆಗಳೇನೂ ಬಿಳಿಯಲ್ಲ,
ನಾಳೆ ಗೂಡು ಕಟ್ಟುವ ಹಣ್ಣುಹುಳದ ಬಣ್ಣ.
ನೋಡಿದ್ದೇ ಧೈರ್ಯ ಬಂತು:
ಇಂಥದನ್ನು ಮುಟ್ಟಿ ಗೊತ್ತು.

ಗ್ಲಾಡಿಸ್ ಟೀಚರು ಮೊದಲು ಕೇಳಿದ್ದು ಕೈ.
ತಿರುವಿ ನೋಡಿದರು. ಏನೂ ಅನ್ನಲಿಲ್ಲ.
ಇಪ್ಪತ್ತೆಂಟು ವರ್ಷ ಕುದಿನೀರಲ್ಲಿ
ಎಳೆಯ ತುದಿ ಹುಡುಕಿದ ಬೆರಳು,
ಗೆರೆಯೆಲ್ಲ ಬೆಂದುಹೋಗಿದೆ.
ರೇಷನ್ ಡಿಪೋದ ಮಿಷಿನ್ನಿಗೆ ನಾನು ಯಾರೂ ಅಲ್ಲ.
ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ,
‘ಮತ್ತೊಮ್ಮೆ ಪ್ರಯತ್ನಿಸಿ.’

ಇಲ್ಲೂ ಅದೇ ಮಾತು. ‘ಇನ್ನೊಂದ್ಸಲ, ಪಿಳ್ಳಮ್ಮಾ.’
ಆದರೆ ಒತ್ತಿದ್ದಕ್ಕೆಲ್ಲ ಸದ್ದು ಬರುತ್ತೆ,
ತಪ್ಪಿಗೂ ಬರುತ್ತೆ.
ಅದೊಂದು ದೊಡ್ಡ ಉಪಕಾರ.

ಕೊಟ್ಟದ್ದು ಮಕ್ಕಳ ಪಾಠ.
ನಾನು ಕೇಳಿದ್ದು ಅದಲ್ಲ.
ಶುಕ್ರವಾರ ಸಂಜೆ ಎಲ್ಲರೂ ಹೋದ ಮೇಲೆ
ತಮಗೇ ಅಂತ ಬಾರಿಸುತ್ತಿದ್ದರಲ್ಲ, ಅದು.
‘ಅದು ಏಳು ವರ್ಷ ಕಲಿತವರಿಗೆ’ ಅಂದರು.
‘ನನ್ನ ಹತ್ತಿರ ಏಳು ವರ್ಷ ಇದೆಯೋ ಇಲ್ಲವೋ’ ಅಂದೆ.
ನಕ್ಕರು. ಪುಟ ತೆರೆದರು.
ಐದು ಗೆರೆ; ಚಂದ್ರಿಕೆಗೆ ಬಿಟ್ಟ ಹುಳಗಳ ಹಾಗೆ ಚುಕ್ಕಿಗಳು,
ಕೆಲವು ಏರಿದ್ದವು, ಕೆಲವು ಬಿದ್ದೇಹೋಗುವಷ್ಟು ಕೆಳಗೆ.

ಒಂದು ಪುಟ ಕೈಗೆ ಕೂರುವಷ್ಟರಲ್ಲಿ
ಅವರೆಕಾಯಿ ಕಾಲ ಬಂದು ಮುಗಿಯಿತು.
ಎರಡನೇ ಪುಟದ ನಡುವೆ ಒಂದು ಗುಂಡಿ:
ಎಡಗೈ ಮೂರು ಹೆಜ್ಜೆ ಇಡುವಷ್ಟರಲ್ಲಿ
ಬಲಗೈ ಎರಡೇ ಇಡಬೇಕು,
ಒಟ್ಟಿಗೆ ಹೊರಟು ಒಟ್ಟಿಗೇ ಮುಟ್ಟಬೇಕು.

ಇದೇನು ಹೊಸದೇ, ಅಂದುಕೊಂಡೆ.
ಎಡಗೈ ನೀರು ಕಲಕುವಾಗ
ಬಲಗೈ ರಾಟೆಗೆ ಎಳೆ ಕೊಡುತ್ತಿತ್ತು,
ಬಾಯಿ ಮಗನನ್ನು ಬೈಯುತ್ತಿತ್ತು.
ಆ ಜಂಬ ಅರ್ಧ ಗಂಟೆ ಬಾಳಲಿಲ್ಲ.
ಬಲಗೈ ಎಡಗೈಯ ಹಿಂದೆ ಓಡಿತು, ತಾಯಿ ಹಿಂದಿನ ಕುರಿಮರಿ.
ನಾಲ್ಕನೇ ಬೆರಳು ಏಳಲೇ ಇಲ್ಲ,
ಉಂಗುರ ಅಡವಿಟ್ಟ ದಿನದಿಂದ ಅದಕ್ಕೆ ಮುನಿಸು.

ಟೀಚರು ಮುಚ್ಚಳ ಮುಚ್ಚಿದರು.
‘ಮರದ ಮೇಲೆ ತಟ್ಟು, ಬಾಯಲ್ಲಿ ಹೇಳು: ಊಟಕೆ ಬಾ.
ಊ ಎರಡು ಕೈಗೂ. ಟ ಎಡಕ್ಕೆ.
ಕೆ ಬಲಕ್ಕೆ. ಬಾ ಮತ್ತೆ ಎಡಕ್ಕೆ.’

ಊಟಕೆ ಬಾ. ಊಟಕೆ ಬಾ.
ಗಂಡನನ್ನು ಕರೆದಿದ್ದೇನೆ ಹೀಗೆ, ರಾಟೆಯ ಗದ್ದಲದ ಮೇಲೆ ಕೂಗಿ;
ಮಕ್ಕಳನ್ನು, ಗೋಲಿ ಆಟದ ನಡುವಿಂದ;
ಮಾರುಕಟ್ಟೆಯಿಂದ ಗೂಡು ತಂದ ಆಟೋದವನನ್ನೂ.
ನನ್ನನ್ನು ಕರೆದವರು?
ಯೋಚಿಸಿದೆ. ತಾಳ ತಪ್ಪಿತು.
‘ಇನ್ನೊಂದ್ಸಲ.’

ಮೊರದ ಮೇಲೆ ತಟ್ಟಿದೆ, ಬಸ್ಸಿನ ಕಂಬಿಯ ಮೇಲೆ ತಟ್ಟಿದೆ,
ನಿದ್ದೆಯಲ್ಲಿ ಕಂಬಳಿಯ ಮೇಲೂ ತಟ್ಟುತ್ತಿದ್ದೆನಂತೆ.
‘ಅತ್ತೇ, ಡಾಕ್ಟರಿಗೆ ತೋರಿಸೋಣ್ವಾ?’ ಅಂದಳು ಸೊಸೆ.

ಒಂದು ಮಂಗಳವಾರ ಬಂತು. ಒಂದೇ ಒಂದು ಸಲ.
ನಾಲ್ಕು ಸಾಲು, ಗುಂಡಿ ದಾಟಿ ಆಚೆ ದಡದವರೆಗೆ.
ಟೀಚರು ರಜ. ಕರೆಂಟಿಲ್ಲ.
ಕೇಳಿದ್ದು, ಪಿಯಾನೋದ ಹೊಟ್ಟೆಯಲ್ಲಿ
ಸಂಸಾರ ಹೂಡಿರುವ ಹಲ್ಲಿ.
ಲೊಚಗುಟ್ಟಿತೋ ಇಲ್ಲವೋ, ಗಮನಿಸಲಿಲ್ಲ.
ಮತ್ತೆ ಬಾರಿಸಿದೆ. ಬರಲಿಲ್ಲ.
ಇವತ್ತಿಗೂ ಬಂದಿಲ್ಲ.

ಬೆಳಿಗ್ಗೆ ಡಿಪೋದಲ್ಲಿ ಉದ್ದ ಸಾಲು.
ಹೆಬ್ಬೆಟ್ಟು, ಕೆಂಪು. ತೋರುಬೆರಳು, ಕೆಂಪು.
‘ಬೇರೆ ಬೆರಳು ಕೊಡಮ್ಮಾ’ ಅಂದ ಹುಡುಗ,
ಹಿಂದೆ ಜನ ಗೊಣಗಿದರು.
ನಾಲ್ಕನೆಯದು ಕೊಟ್ಟೆ.
ಮಿಷಿನ್ನು ಗಿರಗಿರ ಯೋಚಿಸುತ್ತಿರುವಾಗ
ಖಾಲಿ ತಕ್ಕಡಿಯ ತಟ್ಟೆಯ ಮೇಲೆ
ನನ್ನ ಕೈಗಳು ತಾವಾಗಿಯೇ,
ಊಟಕೆ ಬಾ, ಊಟಕೆ ಬಾ.

‘ಏನಮ್ಮಾ ಅದು?’
‘ಎಡಗೈ’ ಅಂದೆ,
‘ಸ್ವಲ್ಪ ಅವಸರ ಮಾಡುತ್ತೆ.’