ಹದಿನಾಲ್ಕನೆಯ ಹಾಸಿಗೆ

ಥಂಡರ್ ಬೇ. ಬೆಳಗಿನ ಆರೂಮುಕ್ಕಾಲು. ಮೈನಸ್ ಇಪ್ಪತ್ತೊಂಬತ್ತು.
ಸರೋವರದ ಮೇಲೆ ಹಬೆ, ದಡದಲ್ಲಿ ಗೋದಿಯ ಕಣಜಗಳು,
ಗೋಪುರದಷ್ಟು ಎತ್ತರ, ಒಳಗೆ ಒಂದು ಕಾಳೂ ಇಲ್ಲ.
ನನ್ನ ವ್ಯಾನಿನ ತುಂಬ ಇಪ್ಪತ್ತಮೂರು ಹಾಸಿಗೆ.

ಸೋಮವಾರ ಉಕ್ರೇನಿಯನ್ನರ ಇಗರ್ಜಿಯ ನೆಲಮಾಳಿಗೆ,
ಮಂಗಳವಾರ ಮಸೀದಿ (ಹಿಂದೆ ಅದು ಟೈರಿನಂಗಡಿ,
ಗೋಡೆಗೆ ಒರಗಿದರೆ ಈಗಲೂ ರಬ್ಬರಿನ ವಾಸನೆ),
ಬುಧವಾರ ಫಿನ್‌ಲ್ಯಾಂಡಿನ ಲೂಥರನ್ನರು. ಉಳಿದ ದಿನಗಳಿಗೆ
ಬಾಗಿಲು ತೆಗೆದವರೇ ದೇವರು.
ನನಗೆ ಯಾರ ದೇವರೂ ಅಷ್ಟಾಗಿ ಪರಿಚಯವಿಲ್ಲ.
ಹಿಂಬಾಗಿಲುಗಳು ಗೊತ್ತು:
ಯಾವುದರ ಚಿಲಕ ಹೆಪ್ಪುಗಟ್ಟುತ್ತದೆ,
ಯಾವುದನ್ನು ಮೊಣಕಾಲು ಕೊಟ್ಟು ನೂಕಬೇಕು.

ಹಾಸಿಗೆಗಳ ಮೂಲೆಯಲ್ಲಿ ಮಾರ್ಕರಿನ ಅಂಕಿ.
ಹದಿನಾಲ್ಕು, ವರ್ನಾ ವಬೂಸಳದ್ದು. ಅದರಲ್ಲಿ
ಧೂಪ, ಏಲಕ್ಕಿ ಚಹಾ, ಸೀದ ಈರುಳ್ಳಿ, ಒಣಗಿಸಿದ ಬೂಟು.
"ಒಗೆಯಬೇಡ," ಅನ್ನುತ್ತಾಳೆ. "ನನ್ನ ವಿಳಾಸ ಅಳಿಸಿಹೋದೀತು."

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ,
ಎಂಟು ಚಳಿಗಾಲ ಅವಳದು ಬಸ್ ನಿಲ್ದಾಣದ ಬೆಂಚು.
ಯಾರೂ ಮಲಗದಿರಲೆಂದು ನಡುವೆ ಕಬ್ಬಿಣದ ಕೈ ನೆಟ್ಟಿದ್ದರು.
ಅವಳ ಕಾಲು ಈಗಲೂ ಆ ಅಳತೆಗೇ ಮಡಚಿಕೊಳ್ಳುತ್ತದೆ.

ಫೆಬ್ರವರಿಯ ಸಭೆ. ಮೂರು ಗಂಟೆ ಜಗಳ:
ಊಟಕ್ಕೆ ಮುಂಚೆ ಪ್ರಾರ್ಥನೆ ಬೇಕೋ ಬೇಡವೋ,
ಕುಡಿದು ಬಂದವರನ್ನು ಒಳಗೆ ಬಿಡುವುದೋ,
ತಿಗಣೆ ಯಾರ ಕಡೆಯಿಂದ ಬಂತು.
ಒರೆಸ್ಟ್ ಪಾದ್ರಿ ಮೇಜು ಗುದ್ದಿದರು.
ಬೋಸ್ನಿಯಾದ ಇಮಾಮರು ಕರಗಿದ ಸಕ್ಕರೆಯನ್ನೇ ಕಲಕುತ್ತಿದ್ದರು.
ಹೆಲ್ಮಿ ಲಹ್ತಿನೆನ್, ಎಂಬತ್ತನಾಲ್ಕು,
ಕಿವಿಯ ಯಂತ್ರ ಸರಿಮಾಡಿಕೊಂಡು ಕೇಳಿದಳು:
"ಏಳು ವರ್ಷದಿಂದ ಹಾಸಿಗೆಗಳ ಮೆರವಣಿಗೆ ಮಾಡಿಸುತ್ತಿದ್ದೇವೆ.
ಯಾರಿಗಾದರೂ ಮನೆ ಸಿಕ್ಕಿತೇ?"

ಚಮಚದ ಸದ್ದು ನಿಂತಿತು.

ಲೂಥರನ್ನರಲ್ಲಿ ಉಳಿದಿದ್ದವರು ಹನ್ನೊಂದು ಜನ,
ಪಾದ್ರಿಯಿಲ್ಲದ ಪಾದ್ರಿಮನೆ, ಮಾಳಿಗೆ ತುಂಬ ಸ್ತೋತ್ರದ ಪುಸ್ತಕ.
ಕೊಟ್ಟುಬಿಡೋಣವೆಂದು ಕೈ ಎತ್ತಿದವರು ಒಂಬತ್ತು.
ಒಬ್ಬರು ಅತ್ತರು. ಒಬ್ಬರು ಮತ್ತೆ ಬರಲೇ ಇಲ್ಲ.
ಮಸೀದಿಯ ಸೆನಾದ್ ಕೊಳಾಯಿ ಜೋಡಿಸಿದ.
ಉಕ್ರೇನಿನ ಅಜ್ಜಿಯರು ಪರದೆ ಹೊಲಿದರು, ಅಳತೆ ತಪ್ಪಿ,
ಎಲ್ಲ ಕಿಟಕಿಗೂ ಗೇಣುದ್ದ ಕಡಿಮೆ.
ವರ್ನಾಳ ಚಿಕ್ಕಮ್ಮ, ಈ ನೆಲದ ಮೊದಲಿನವರ ಪೈಕಿ,
ಕೋಣೆ ಕೋಣೆಗೂ ಸೇಜ್ ಸೊಪ್ಪಿನ ಹೊಗೆ ಹಿಡಿದಾಗ
ಬೆಂಕಿಯ ಅಲಾರಂ ಕೂಗಿಕೊಂಡಿತು. ಒರೆಸ್ಟ್ ಪಾದ್ರಿ ಸ್ಟೂಲು ಹತ್ತಿ
ಅದರ ಬ್ಯಾಟರಿ ಕಿತ್ತರು.

ಎಂಟು ಕೋಣೆ. ಕಾದವರ ಪಟ್ಟಿಯಲ್ಲಿ ಎಂಬತ್ತು ಹೆಸರು.

ವರ್ನಾಳಿಗೆ ಮೂರನೆಯ ಕೋಣೆಯ ಬೀಗದಕೈ.
ಹಲ್ಲಿನಲ್ಲಿ ಕಚ್ಚಿ ನೋಡಿದಳು, ಖೋಟಾ ನಾಣ್ಯವೇನೋ ಎಂಬಂತೆ.
ಮೊದಲ ರಾತ್ರಿ ಹೊಸ ಮಂಚ ಬಿಟ್ಟು
ಕೋಟು ಬಿಚ್ಚದೆ ಬಾಗಿಲಿಗೊರಗಿ ಕೂತೇ ಇದ್ದಳಂತೆ.
ಬೆಳಗ್ಗೆ ಫೋನು: "ನನ್ನ ಹದಿನಾಲ್ಕು ತಂದುಕೊಡು."

ಕೊಂಡೊಯ್ದೆ. "ಒಳಗೆ ಬಾ" ಅಂದಳು.
ಎಷ್ಟು ವರ್ಷದಿಂದ ಬಳಸಿರಲಿಲ್ಲವೋ,
ಆ ಎರಡು ಮಾತಿಗೆ ತುಸು ತುಕ್ಕು ಹಿಡಿದಿತ್ತು.
ಮರುಕ್ಷಣವೇ ಗದರಿದಳು: ಬೂಟು ಹೊರಗೆ!

ಇವತ್ತು ಮತ್ತೆ ಎಣಿಸಿದೆ. ಇಪ್ಪತ್ತೆರಡು.
ಇನ್ನೊಮ್ಮೆ ಎಣಿಸಿದೆ, ಬರೀ ಆಸೆಗೆ.
ಮಸೀದಿಯ ಹಿಂಬಾಗಿಲಲ್ಲಿ ಹೊಸಬನೊಬ್ಬ ನಿಂತಿದ್ದ,
ಹುಡುಗ, ಕಿವಿ ನೀಲಿಗಟ್ಟಿತ್ತು. ಏನೂ ಕೇಳಲಿಲ್ಲ.
ವ್ಯಾನಿನ ಮೂಲೆಯಲ್ಲಿ ಅಂಕಿಯಿಲ್ಲದ ಹಾಸಿಗೆ ಒಂದಿದೆ.
ಮಾರ್ಕರಿನ ಶಾಯಿ ಹೆಪ್ಪುಗಟ್ಟಿತ್ತು;
ಕಂಕುಳಲ್ಲಿಟ್ಟು ಕಾಯಿಸುತ್ತ ಅವನ ಹೆಸರು ಕೇಳಿದೆ.